ಮೀನಿನ ಡಬ್ಬಿ ಹೆಸರಿನ ಬ್ಯಾಂಡು ಮತ್ತು ಒಂದು ಉಡುಗೊರೆ ಬುಟ್ಟಿ

ಗುಪ್ತಚರ ಇಲಾಖೆ ನಿಮ್ಮ ಹೆಸರನ್ನು ಅಪಾಯಕಾರಿಗಳ ಪಟ್ಟಿಗೆ ಸೇರಿಸಿದರೆ ನೀವೇನು ಮಾಡುತ್ತೀರಿ? ನಾನಾಗಿದ್ದರೆ ಮೊದಲು ವಕೀಲರಿಗೆ ಫೋನ್ ಮಾಡುತ್ತಿದ್ದೆ. ಜರ್ಮನಿಯ ಈಶಾನ್ಯ ಮೂಲೆಯ ಒಂದು ಪಂಕ್ ಬ್ಯಾಂಡಿನ ಹುಡುಗರು ಬೇರೆಯೇ ಮಾಡಿದರು. ಒಂದು ಉಡುಗೊರೆ ಬುಟ್ಟಿ ತಗೊಂಡು ಹೋಗಿ ಅದೇ ಇಲಾಖೆಗೆ ಕೊಟ್ಟು ಬಂದರು. ಇಷ್ಟೊಂದು ಪ್ರಚಾರ ಪುಕ್ಕಟೆಯಾಗಿ ಕೊಟ್ಟಿದ್ದೀರಿ, ನಿಮಗೆ ಥ್ಯಾಂಕ್ಸ್ ಅಂತ.

ಬ್ಯಾಂಡಿನ ಹೆಸರು ಫೈನೆ ಜಾನೆ ಫಿಶ್‌ಫಿಲೇ. ಅಕ್ಷರಶಃ ಹೇಳಿದರೆ 'ಒಳ್ಳೆ ಕೆನೆ, ಮುಳ್ಳು ತೆಗೆದ ಮೀನಿನ ತುಂಡು'. ಮೊದಲ ಸಲ ಕೇಳಿದಾಗ ನಾನಿದನ್ನು ಯಾವುದೋ ಹೋಟೆಲ್ ಮೆನು ಅಂದುಕೊಂಡಿದ್ದೆ. ಉತ್ತರ ಜರ್ಮನಿಯ ಅಂಗಡಿಗಳಲ್ಲಿ ಕೆನೆ ಸಾಸಿನಲ್ಲಿ ಅದ್ದಿದ ಹೆರಿಂಗ್ ಮೀನು ಡಬ್ಬಿಯಲ್ಲಿ ಸಿಗುತ್ತದೆ. ಹೆಚ್ಚು ಕಡಿಮೆ ಅಂಥದೇ ಹೆಸರು. ಪಂಕ್ ಬ್ಯಾಂಡುಗಳು ಸಾಮಾನ್ಯವಾಗಿ ಸಾವು, ಕಸ, ಬೆಂಕಿ ಅಂತ ಹೆದರಿಸುವ ಹೆಸರಿಟ್ಟುಕೊಳ್ಳುತ್ತವೆ. ಇವರು ಮೀನಿಟ್ಟುಕೊಂಡರು. ಸರ್ಕಾರಿ ವರದಿಯಲ್ಲಿ ಗಂಭೀರ ಅಧಿಕಾರಿಯೊಬ್ಬರು ಈ ಹೆಸರನ್ನು ಟೈಪ್ ಮಾಡುತ್ತಾ ಕೂತಿರುವುದನ್ನು ನೆನೆಸಿಕೊಳ್ಳಿ. ಅರ್ಧ ಜೋಕು ಅಲ್ಲೇ ಮುಗಿಯಿತು.

ಉಳಿದ ಅರ್ಧ ಜೋಕಲ್ಲ. ನನ್ನ ಲೆಕ್ಕದಲ್ಲಿ ಈ ಬ್ಯಾಂಡಿನ ಕಥೆ ಸಂಗೀತದ ಕಥೆಗಿಂತ ಜಾಸ್ತಿ, ಊರು ಬಿಡದವರ ಕಥೆ. ಅದಕ್ಕೇ ಹಾಡಿನಿಂದಲ್ಲ, ಊರಿನಿಂದ ಶುರು ಮಾಡಬೇಕು.

ಪೇನೆ ನದಿಯ ಉದ್ದಕ್ಕೂ

ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್. ಹೇಳುವುದಕ್ಕೇ ಉಸಿರು ಬೇಕು. ಮೊದಲು ಪೂರ್ವ ಜರ್ಮನಿಯಲ್ಲಿದ್ದ ಪ್ರದೇಶ, 1990ರಿಂದ ಒಂದಾದ ಜರ್ಮನಿಯ ಒಂದು ರಾಜ್ಯ. ಉತ್ತರಕ್ಕೆ ಬಾಲ್ಟಿಕ್ ಸಮುದ್ರ, ಒಳಗೆ ಹೊಲ, ಕೆರೆ, ಕಾಡು. ಜರ್ಮನಿಯಲ್ಲೇ ಜನ ಅತಿ ವಿರಳವಾಗಿರುವ ರಾಜ್ಯ ಇದು. ಇಲ್ಲಿ ಹರಿಯುವ ಪೇನೆ ನದಿಗೆ 'ಉತ್ತರದ ಅಮೆಝಾನ್' ಅಂತ ಪ್ರವಾಸಿ ಕರಪತ್ರಗಳಲ್ಲಿ ಹೊಗಳುತ್ತಾರೆ. ಅಮೆಝಾನ್ ಅಂದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ನಿಧಾನಕ್ಕೆ ಹರಿಯುವ, ಎರಡೂ ಕಡೆ ಜೌಗು ನೆಲದ, ಚೆಂದದ ನದಿ ಅನ್ನುವುದು ನಿಜ.

ಈ ನದಿಯ ಜೊತೆ ಪೂರ್ವಕ್ಕೆ ಹೋದರೆ ಡೆಮ್ಮೀನ್, ಯಾರ್ಮೆನ್, ಅಂಕ್ಲಾಮ್ ಹೀಗೆ ಊರುಗಳು ಸಿಗುತ್ತವೆ. ಡೆಮ್ಮೀನ್‌ನಲ್ಲಿ 1945ರ ಮೇ ತಿಂಗಳ ಮೊದಲ ದಿನಗಳಲ್ಲಿ, ಸೋವಿಯತ್ ಸೇನೆ ಬಂದಾಗ, ನೂರಾರು ಜನ ಆತ್ಮಹತ್ಯೆ ಮಾಡಿಕೊಂಡರು. ಎಷ್ಟೋ ಮಂದಿ ಮಕ್ಕಳನ್ನು ಕಟ್ಟಿಕೊಂಡು ನದಿಗೇ ಇಳಿದರು. ಆ ದುಃಖವನ್ನು ಬಂಡವಾಳ ಮಾಡಿಕೊಂಡು ಬಲಪಂಥೀಯ ಉಗ್ರರು ಪ್ರತಿ ಮೇ 8ಕ್ಕೆ ಅಲ್ಲಿ 'ಶೋಕ ಮೆರವಣಿಗೆ' ನಡೆಸುತ್ತಾ ಬಂದಿದ್ದಾರೆ. ಮೇ 8 ಅಂದರೆ ಹಿಟ್ಲರನ ಜರ್ಮನಿ ಶರಣಾದ ದಿನ. ಅಂಕ್ಲಾಮ್ ಇನ್ನೊಂದು ಥರದ ಊರು. ಗ್ಲೈಡರ್ ಕಟ್ಟಿ ಹಾರಿದ ಓಟೋ ಲಿಲಿಯೆಂಟಾಲ್ 1848ರಲ್ಲಿ ಹುಟ್ಟಿದ್ದು ಅಲ್ಲೇ. ಹಾರುವ ಆಸೆಗೆ ಹೆಸರಾದ ಊರು. ಈಗ ಅಲ್ಲಿಂದ ಹಾರಿ ಹೋದವರೇ ಜಾಸ್ತಿ.

ಯಾಕೆ ಅಂದರೆ, ಬರ್ಲಿನ್ ಗೋಡೆ ಬಿದ್ದ ಮೇಲೆ ಇಲ್ಲಿನ ಕಾರ್ಖಾನೆಗಳು, ಸಹಕಾರಿ ಹೊಲಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಪಶ್ಚಿಮದಲ್ಲಿ. ಓದಿದವರು, ಅದರಲ್ಲೂ ಹುಡುಗಿಯರು, ಸೂಟ್‌ಕೇಸ್ ಕಟ್ಟಿಕೊಂಡು ಹೊರಟರು. 1990ರಲ್ಲಿ ರಾಜ್ಯದ ಜನಸಂಖ್ಯೆ 19 ಲಕ್ಷ ದಾಟಿತ್ತು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅದು 16 ಲಕ್ಷದ ಆಸುಪಾಸಿಗೆ ಇಳಿಯಿತು. ಶಾಲೆ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ, ಯುವಕರ ಕ್ಲಬ್ಬಿಗೆ ಬೀಗ ಬೀಳುತ್ತದೆ. ನಮ್ಮ ಮಲೆನಾಡಿನ ಹಳ್ಳಿಗಳ ವೃದ್ಧಾಶ್ರಮದಂಥ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಆ ಖಾಲಿ ಜಾಗಕ್ಕೆ ಬಂದು ಕೂತವರು ಯಾರು ಅನ್ನುವುದು ಮುಖ್ಯ. ಎನ್‌ಪಿಡಿ ಅನ್ನುವ ತೀವ್ರ ಬಲಪಂಥೀಯ ಪಕ್ಷ 2006ರ ರಾಜ್ಯ ಚುನಾವಣೆಯಲ್ಲಿ ಶೇ. 7.3 ಮತ ಪಡೆದು ವಿಧಾನಸಭೆಗೆ ಬಂತು. 2011ರಲ್ಲಿ ಶೇ. 6 ಪಡೆದು ಅಲ್ಲೇ ಉಳಿಯಿತು. ಇದು ರಾಜ್ಯದ ಸರಾಸರಿ. ಅಂಕ್ಲಾಮ್ ಹತ್ತಿರದ ಪೋಸ್ಟ್‌ಲೋ ಹಳ್ಳಿಯಲ್ಲಿ 2006ರಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ವೋಟು ಅದೊಂದೇ ಪಕ್ಷಕ್ಕೆ ಬಿತ್ತು. ಸಂಗೀತದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 2004ರ ಸಾಕ್ಸನಿ ರಾಜ್ಯದ ಚುನಾವಣೆಯ ಹೊತ್ತಿಗೇ ಈ ಪಕ್ಷ ಶಾಲೆಗಳ ಮುಂದೆ ಬಲಪಂಥೀಯ ರಾಕ್ ಹಾಡುಗಳ ಸಿಡಿ ಹಂಚುವ ಅಭ್ಯಾಸ ಶುರು ಮಾಡಿತ್ತು. ಹದಿನಾಲ್ಕು ವರ್ಷದ ಹುಡುಗನಿಗೆ ಸಂಜೆ ಹೋಗಲು ಜಾಗವಿಲ್ಲ, ಬಸ್ಸಿಲ್ಲ, ಕೈಯಲ್ಲಿ ಒಂದು ಸಿಡಿ ಮಾತ್ರ ಇದೆ. ಅವನು ಎತ್ತ ವಾಲುತ್ತಾನೆ ಅಂತ ಹೇಳುವುದಕ್ಕೆ ಜ್ಯೋತಿಷ್ಯ ಬೇಡ.

ಟ್ರಂಪೆಟ್ ಹಿಡಿದ ಪಂಕ್

2007ರಲ್ಲಿ, ಈ ಊರುಗಳ ನಡುವೆ, ಬ್ಯಾಂಡು ಹುಟ್ಟಿತು. ಹಾಡುಗಾರ ಯಾನ್ ಗೋರ್ಕೋ. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಅವನು ಮೊಂಚಿ. 1987ರಲ್ಲಿ ಹುಟ್ಟಿ ಯಾರ್ಮೆನ್‌ನಲ್ಲಿ ಬೆಳೆದವನು. ಸುಮಾರು ಮೂರು ಸಾವಿರ ಜನರ ಊರು ಅದು. ಭಾರಿ ಮೈಕಟ್ಟು, ಒಡೆದ ಧ್ವನಿ, ಮಾತಿಗೆ ಶುರುವಿಟ್ಟರೆ ನಿಲ್ಲಿಸುವುದೇ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಹಾನ್ಸಾ ರೋಸ್ಟಾಕ್ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿಗಳ ಗುಂಪಿನಲ್ಲಿದ್ದ. ಗಲಾಟೆ, ಪೊಲೀಸರ ಜೊತೆ ಜಟಾಪಟಿ, ಸ್ಟೇಡಿಯಂಗೆ ಕಾಲಿಡದಂತೆ ನಿಷೇಧ, ಎಲ್ಲ ಆಗಿದೆ. ಇದನ್ನು ಮುಚ್ಚಿಟ್ಟು ಅವನನ್ನು ಸಂತನನ್ನಾಗಿ ಮಾಡುವ ಅಗತ್ಯ ನನಗಿಲ್ಲ. ಅವನೂ ಮುಚ್ಚಿಟ್ಟವನಲ್ಲ.

ಇವರ ಸಂಗೀತ ಹೇಗಿದೆ? ಪಂಕ್ ಅಂದರೆ ಮೂರು ಕಾರ್ಡು, ಜೋರು ಡ್ರಮ್ಮು, ಎರಡೂವರೆ ನಿಮಿಷ. ಇವರದು ಅಷ್ಟೇ ಅಲ್ಲ. ಜೊತೆಗೆ ಟ್ರಂಪೆಟ್ ಇದೆ. ಅದೂ ಎರಡು. ಗಿಟಾರು ಗರಗಸದ ಹಾಗೆ ಕೊಯ್ಯುತ್ತಿರುವಾಗ ಮೇಲಿನಿಂದ ಟ್ರಂಪೆಟ್ಟು ಒಂದು ಸರಳವಾದ ರಾಗ ಹಿಡಿಯುತ್ತದೆ. ನಾಲ್ಕೇ ಸ್ವರ, ಯಾರು ಬೇಕಾದರೂ ಗುನುಗಬಹುದು. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು ದೂರದಿಂದ ಕೇಳಿದರೆ ಕಾಲು ತಾನಾಗಿ ಕುಣಿಯುತ್ತದಲ್ಲ, ಆ ಥರ. ಪದ ಅರ್ಥವಾಗದಿದ್ದರೂ ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ನೀವು ಅವರ ಕಡೆಯವರು. ಮೊಂಚಿಯ ಧ್ವನಿಯಲ್ಲಿ ಶ್ರುತಿ ಹುಡುಕಬೇಡಿ, ನಿರಾಶೆಯಾಗುತ್ತದೆ. ಅದು ಊರ ಜಾತ್ರೆಯಲ್ಲಿ ಮೈಕ್ ಸಿಕ್ಕಿದವನ ಧ್ವನಿ. ಆದರೆ ಅದೇ ಧ್ವನಿಯಿಂದಾಗಿ ಇದು ಬರ್ಲಿನ್ನಿನ ಸ್ಟುಡಿಯೋದಲ್ಲಿ ಅಲ್ಲ, ಇಲ್ಲೇ ಎಲ್ಲೋ ಬಸ್‌ಸ್ಟ್ಯಾಂಡ್ ಪಕ್ಕ ಹುಟ್ಟಿದ ಹಾಡು ಅಂತ ನಂಬಿಕೆ ಬರುತ್ತದೆ.

2009ರಲ್ಲಿ ಮೊದಲ ಆಲ್ಬಂ. ನಿಜ ಹೇಳಬೇಕು ಅಂದರೆ ಆರಂಭದ ಹಾಡುಗಳು ಸುಮಾರು. ಅವುಗಳಲ್ಲಿ ಒಂದು ಪೊಲೀಸರ ಮೇಲಿನ ಸಿಟ್ಟಿನ ಹಾಡು. ಸಿಟ್ಟು ಅಂದರೆ ಸುಮ್ನೆ ಬೈಗುಳ ಅಲ್ಲ, ಪೊಲೀಸರ ಮೇಲೆ ಕೈ ಮಾಡುವ ಮಾತು ಅದರಲ್ಲಿತ್ತು. ಮುಂದೆ ಹತ್ತು ವರ್ಷ ಈ ಒಂದು ಹಾಡು ಅವರ ಕಾಲಿಗೆ ಕಟ್ಟಿದ ಕಲ್ಲಿನ ಹಾಗೆ ಎಳೆಯುತ್ತಲೇ ಇತ್ತು. ಎದುರಾಳಿಗಳು ಪ್ರತಿ ಸಲ ಅದನ್ನೇ ಹೊರತೆಗೆದರು.

2012ರಲ್ಲಿ ಹ್ಯಾಂಬರ್ಗಿನ ಆಡಿಯೋಲಿತ್ ಕಂಪನಿಯಿಂದ ಬಂದ ಆಲ್ಬಂ ಬೇರೆ ಮಟ್ಟದ್ದು. ಹೆಸರು 'ಸೋಲು ಮತ್ತು ಅರಿವು' ಅನ್ನುವ ಅರ್ಥದ್ದು. ಅದರಲ್ಲಿ ಅವರ ಅತಿ ಪ್ರಸಿದ್ಧ ಹಾಡಿದೆ. ಶೀರ್ಷಿಕೆಯನ್ನು ಮರ್ಯಾದೆಯಾಗಿ ಕನ್ನಡಕ್ಕೆ ತರುವುದು ಕಷ್ಟ. ಹತ್ತಿರದ ಮಾತು ಅಂದರೆ 'ಪೂರ್ತಿ ಕೆಟ್ಟು ಕೆರ ಹಿಡಿದಿದೆ'. ಹಾಡನ್ನು ಕೇಳಿದರೆ ಮಾತ್ರ ಅಳು ಬರುವುದಿಲ್ಲ, ಕುಣಿಯಬೇಕು ಅನ್ನಿಸುತ್ತದೆ.

ವರದಿಯ ಪುಟಗಳು

ಈಗ ಬುಟ್ಟಿಯ ವಿಷಯಕ್ಕೆ ಬರೋಣ. ಜರ್ಮನಿಯಲ್ಲಿ ಫೆರ್‌ಫಾಸುಂಗ್ಸ್‌ಶುಟ್ಸ್ ಅನ್ನುವ ವ್ಯವಸ್ಥೆ ಇದೆ. ಪದದ ಅರ್ಥ 'ಸಂವಿಧಾನ ರಕ್ಷಣೆ'. ಕೆಲಸದಲ್ಲಿ ಅದು ದೇಶದೊಳಗಿನ ಗುಪ್ತಚರ ಇಲಾಖೆ. 1950ರಲ್ಲಿ ಶುರುವಾಯಿತು. ಕೇಂದ್ರಕ್ಕೊಂದು, ಹದಿನಾರು ರಾಜ್ಯಗಳಿಗೆ ಒಂದೊಂದು. ಯಾರನ್ನೂ ಬಂಧಿಸುವ ಅಧಿಕಾರ ಇದಕ್ಕಿಲ್ಲ. ಗಮನಿಸುತ್ತದೆ, ಮಾಹಿತಿ ಕಲೆಹಾಕುತ್ತದೆ, ವರ್ಷಕ್ಕೊಮ್ಮೆ ವರದಿ ಪ್ರಕಟಿಸುತ್ತದೆ. ಪ್ರಜಾಪ್ರಭುತ್ವಕ್ಕೆ ಯಾರಿಂದ ಅಪಾಯ ಅನ್ನುವ ಪಟ್ಟಿ ಆ ವರದಿಯಲ್ಲಿರುತ್ತದೆ. ಹಿಟ್ಲರ್ ಚುನಾವಣೆಯ ಬಾಗಿಲಿನಿಂದಲೇ ಒಳಗೆ ಬಂದ ದೇಶ ಅದು, ಹಾಗಾಗಿ ಇಂಥ ಕಾವಲು ಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬಂಧನವಿಲ್ಲ ಅಂದಮೇಲೆ ಪಟ್ಟಿಯಲ್ಲಿ ಹೆಸರಿದ್ದರೆ ಏನು ಮಹಾ ಅಂತ ಕೇಳಬಹುದು. ಸಣ್ಣ ಊರಲ್ಲಿ ಅದರ ಏಟು ಬೇರೆ ಥರ. ಕಾರ್ಯಕ್ರಮ ನಡೆಯುವುದು ಯುವಕರ ಕ್ಲಬ್ಬಿನಲ್ಲಿ. ಕ್ಲಬ್ಬು ನಡೆಯುವುದು ಸರ್ಕಾರದ ಅನುದಾನದಲ್ಲಿ. 2011ರಲ್ಲಿ ಕೇಂದ್ರ ಸರ್ಕಾರ ಒಂದು ಷರತ್ತು ತಂದಿತ್ತು. ಬಲಪಂಥೀಯ ಉಗ್ರವಾದದ ವಿರುದ್ಧ ಕೆಲಸ ಮಾಡಲು ಅನುದಾನ ಪಡೆಯುವ ಸಂಸ್ಥೆಗಳು, ತಾವೂ ತಮ್ಮ ಜೊತೆಗಾರರೂ ಸಂವಿಧಾನಕ್ಕೆ ಬದ್ಧರು ಅಂತ ಬರೆದು ಕೊಡಬೇಕು. 2014ರಲ್ಲಿ ಅದನ್ನು ಕೈಬಿಟ್ಟರು. ಆದರೆ ಆ ಮಧ್ಯದ ವರ್ಷಗಳಲ್ಲಿ ಕ್ಲಬ್ಬಿನ ಉಸ್ತುವಾರಿ ನೋಡುವವರ ಪಾಡು ಊಹಿಸಿ. ಗುಪ್ತಚರ ವರದಿಯಲ್ಲಿರುವ ಬ್ಯಾಂಡನ್ನು ಕರೆದರೆ ನಾಳೆ ಹೀಟರ್ ಬಿಲ್ಲು ಕಟ್ಟುವವರಾರು? ಯಾರೂ ನಿಷೇಧ ಹೇರಬೇಕಾಗಿಲ್ಲ. ಒಂದು ಹೆಸರು ಅಚ್ಚಾದರೆ ಸಾಕು, ಉಳಿದದ್ದನ್ನು ಭಯ ನೋಡಿಕೊಳ್ಳುತ್ತದೆ.

ರಾಜ್ಯದ 2011ರ ವರದಿಯಲ್ಲಿ ಬ್ಯಾಂಡಿನ ಹೆಸರು ಎಡಪಂಥೀಯ ಉಗ್ರವಾದದ ಅಧ್ಯಾಯದಲ್ಲಿ ಬಂತು. ಮುಂದಿನ ವರದಿಗಳಲ್ಲೂ ಮತ್ತೆ ಬಂತು. ಇಲಾಖೆಯ ಕಡೆಯಿಂದ ನ್ಯಾಯವಾಗಿ ನೋಡೋಣ. ಪೊಲೀಸರ ಬಗ್ಗೆ ಆ ಹಳೆ ಹಾಡು ಇತ್ತು. ಪ್ರಭುತ್ವವನ್ನೇ ಒಪ್ಪದ ಮಾತುಗಳಿದ್ದವು. ನಾಜಿ ಮೆರವಣಿಗೆಗಳನ್ನು ರಸ್ತೆಯಲ್ಲೇ ತಡೆಯುವ ಗುಂಪುಗಳ ಜೊತೆ ಒಡನಾಟವಿತ್ತು. ಗಮನಿಸಲು ಏನೂ ಕಾರಣವಿರಲಿಲ್ಲ ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ತೂಕದ ಬಗ್ಗೆ.

2011ರ ನವೆಂಬರಿನಲ್ಲಿ ಜರ್ಮನಿ ಬೆಚ್ಚಿಬಿತ್ತು. ಎನ್‌ಎಸ್‌ಯು ಅನ್ನುವ ನಾಜಿ ಭಯೋತ್ಪಾದಕ ಗುಂಪು ಹದಿಮೂರು ವರ್ಷ ತಲೆಮರೆಸಿಕೊಂಡು ಹತ್ತು ಜನರನ್ನು ಕೊಂದಿತ್ತು ಅಂತ ಬಯಲಾಯಿತು. ಸತ್ತವರಲ್ಲಿ ಒಂಬತ್ತು ಮಂದಿ ವಲಸೆ ಕುಟುಂಬದವರು. ಅವರಲ್ಲೊಬ್ಬ ಮೆಹ್ಮೆತ್ ತುರ್ಗುತ್. 2004ರ ಫೆಬ್ರವರಿ 25ರಂದು ಇದೇ ರಾಜ್ಯದ ರೋಸ್ಟಾಕ್ ನಗರದಲ್ಲಿ, ಕಬಾಬ್ ಅಂಗಡಿಯೊಂದರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇದೇ ರಾಜ್ಯದ ಶ್ಟ್ರಾಲ್‌ಸುಂಡ್‌ನಲ್ಲಿ 2006ರಲ್ಲೊಮ್ಮೆ, 2007ರಲ್ಲೊಮ್ಮೆ ಅದೇ ಗುಂಪು ಬ್ಯಾಂಕು ದೋಚಿತ್ತು. ಗುಪ್ತಚರರು ಇದ್ಯಾವುದನ್ನೂ ತಡೆಯಲಿಲ್ಲ.

ಆ ವರ್ಷದ ವರದಿಯಲ್ಲಿ ಎನ್‌ಎಸ್‌ಯುಗೆ ಸಿಕ್ಕಿದ್ದಕ್ಕಿಂತ ಜಾಸ್ತಿ ಜಾಗ ಮೀನಿನ ಹೆಸರಿನ ಬ್ಯಾಂಡಿಗೆ ಸಿಕ್ಕಿತು.

ಇದನ್ನು ಪತ್ರಿಕೆಗಳು ಹಿಡಿದುಕೊಂಡವು. ಯಾರ್ಮೆನ್ ಎಲ್ಲಿದೆ ಅಂತ ಗೊತ್ತಿಲ್ಲದವರೂ ಬ್ಯಾಂಡಿನ ಹೆಸರು ಕೇಳಿದರು. ಬುಟ್ಟಿ ಹೋಗಿದ್ದು ಈ ಹೊತ್ತಿನಲ್ಲಿ. ನಾನು ಆ ಬುಟ್ಟಿಯನ್ನು ಬರೀ ತಮಾಷೆ ಅಂತ ನೋಡುವುದಿಲ್ಲ. ಅದು ಬುದ್ಧಿವಂತರ ಕೆಲಸ. ಸಿಟ್ಟಿಗೆದ್ದು ಕೂಗಿದ್ದರೆ 'ನೋಡಿ, ನಾವು ಹೇಳಲಿಲ್ವಾ' ಅನ್ನುತ್ತಿತ್ತು ಇಲಾಖೆ. ಅತ್ತು ಕರೆದಿದ್ದರೆ ಎರಡು ದಿನದ ಸುದ್ದಿ. ಆದರೆ ಧನ್ಯವಾದ ಹೇಳಲು ಬಂದವರ ಮೇಲೆ ಕೇಸು ಹಾಕುವುದು ಹೇಗೆ? ಭಯ ಹುಟ್ಟಿಸಬೇಕಾದ ಕಾಗದ ಅವರ ಕೈಯಲ್ಲಿ ಜಾಹೀರಾತಾಯಿತು.

ಹಾಗಂತ ಗುಪ್ತಚರ ಇಲಾಖೆಯೇ ಬ್ಯಾಂಡನ್ನು ಬೆಳೆಸಿತು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದು ಹೇಳಲು ಚೆನ್ನಾಗಿರುತ್ತದೆ. ವರದಿಯಲ್ಲಿ ಬಂದ ಬ್ಯಾಂಡುಗಳು ಬೇರೆಯೂ ಇವೆ, ಅವುಗಳ ಹೆಸರು ಯಾರಿಗೂ ನೆನಪಿಲ್ಲ. ವರದಿ ಬಾಗಿಲು ತೆಗೆಯಿತು. ಒಳಗೆ ಬಂದವರಿಗೆ ಒಳ್ಳೆ ಹಾಡು ಸಿಗದೇ ಹೋಗಿದ್ದರೆ ತಿರುಗಿ ಹೋಗುತ್ತಿದ್ದರು.

ಉಳಿಯೋದಾ, ಹೋಗೋದಾ

2015ರಲ್ಲಿ ಬಂದ ಆಲ್ಬಮ್ಮಿನ ಹೆಸರೇ ಇದು: 'ಉಳಿಯೋದಾ, ಹೋಗೋದಾ'. ಪೇನೆ ದಂಡೆಯ ಪ್ರತಿ ಮನೆಯ ಊಟದ ಮೇಜಿನ ಮೇಲೆ ಇದ್ದ ಪ್ರಶ್ನೆ. ಹೆಸರು ಬಂದ ಮೇಲೆ ಬ್ಯಾಂಡುಗಳು ಸಾಮಾನ್ಯವಾಗಿ ಬರ್ಲಿನ್ನಿಗೋ ಹ್ಯಾಂಬರ್ಗಿಗೋ ಮನೆ ಬದಲಾಯಿಸುತ್ತವೆ. ಸ್ಟುಡಿಯೋ ಅಲ್ಲಿ, ಪತ್ರಕರ್ತರು ಅಲ್ಲಿ, ಸುರಕ್ಷಿತವಾಗಿ ರಾತ್ರಿ ಮನೆಗೆ ನಡೆದು ಹೋಗಬಹುದಾದ ರಸ್ತೆಗಳೂ ಅಲ್ಲೇ. ಇವರು ತಮ್ಮನ್ನು ಇವತ್ತಿಗೂ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್‌ನ ಬ್ಯಾಂಡು ಅಂತಲೇ ಕರೆದುಕೊಳ್ಳುತ್ತಾರೆ.

ನಾಜಿಗಳ ವಿರುದ್ಧ ಬರ್ಲಿನ್ನಿನಲ್ಲಿ ಹಾಡುವುದು ಸುಲಭ. ಕೇಳುವವರೆಲ್ಲ ಮೊದಲೇ ಒಪ್ಪಿದವರು. ಅಂಕ್ಲಾಮ್‌ನಲ್ಲಿ ಹಾಡಿದರೆ ಕಾರ್ಯಕ್ರಮ ಮುಗಿಸಿ ಪೆಟ್ರೋಲ್ ಬಂಕಿಗೆ ಹೋದಾಗ ಎದುರಿಗೆ ಅವರೇ ನಿಂತಿರುತ್ತಾರೆ. ಒಂದೇ ಶಾಲೆಯಲ್ಲಿ ಓದಿದವರು, ಒಂದೇ ತಂಡಕ್ಕೆ ಸ್ಟೇಡಿಯಂನಲ್ಲಿ ಕೂಗಿದವರು. ಆದ್ದರಿಂದಲೇ ಇವರ ಹಾಡುಗಳಲ್ಲಿ ಊರಿನ ಬಗ್ಗೆ ಬೈಗುಳವೂ ಇದೆ, ಮೋಹವೂ ಇದೆ. ಸಮುದ್ರಕ್ಕಾಗಿ ಕಾಯುವ ಹಾಡಿದೆ. 'ಮನೆ' ಅನ್ನುವ ಹೆಸರಿನ ಹಾಡಿದೆ. ಅಪ್ಪ ಅಮ್ಮನಿಗಾಗಿ ಬರೆದ ಹಾಡಿದೆ. ಪಂಕ್ ಹಾಡುಗಾರ ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಹೇಳುವ ಹಾಡು ಬರೆಯುವುದು ಆ ಲೋಕದಲ್ಲಿ ಸಣ್ಣ ಧೈರ್ಯವಲ್ಲ.

ಊರಲ್ಲಿ ಬೇರಿದ್ದರೂ ಕಣ್ಣು ಊರಿನಲ್ಲೇ ನೆಟ್ಟಿರಲಿಲ್ಲ ಅನ್ನುವುದಕ್ಕೆ ಒಂದು ಮಾತು. ಸಿರಿಯಾದ ಕೊಬಾನಿ ಪಟ್ಟಣ ಐಸಿಸ್ ಮುತ್ತಿಗೆಯಲ್ಲಿ ಪುಡಿಯಾದಾಗ ರಾಜ್ಯದಲ್ಲಿ ಅದಕ್ಕಾಗಿ ಪರಿಹಾರ ಸಂಗ್ರಹ ನಡೆಯಿತು. ಮೊಂಚಿ ಆ ಕೆಲಸದಲ್ಲಿದ್ದ, ಸಾಮಾನು ಸಾಗಿಸುವ ಗುಂಪಿನ ಜೊತೆ ಟರ್ಕಿಯ ಗಡಿವರೆಗೂ ಹೋದ. 2015ರ ಜುಲೈನಲ್ಲಿ ಗಡಿಯ ಸುರುಚ್ ಪಟ್ಟಣದಲ್ಲಿ ಬಾಂಬ್ ಸ್ಫೋಟವಾಗಿ 30ಕ್ಕೂ ಹೆಚ್ಚು ಮಂದಿ, ಬಹುತೇಕ ಯುವಕ ಯುವತಿಯರು, ಸತ್ತರು. ಆ ಪಟ್ಟಣದ ಹೆಸರಿನಲ್ಲೇ ಒಂದು ಹಾಡು ಮುಂದೆ ಬಂತು.

2016ರ ಸೆಪ್ಟೆಂಬರ್ 4ಕ್ಕೆ ರಾಜ್ಯ ಚುನಾವಣೆ. ಅದಕ್ಕೆ ಮುಂಚೆ ಬ್ಯಾಂಡು ರಾಜ್ಯದ ಸಣ್ಣ ಸಣ್ಣ ಊರುಗಳನ್ನು ಸುತ್ತಲು ಹೊರಟಿತು. ಅಭಿಯಾನದ ಹೆಸರನ್ನು ತಮ್ಮ ಹಾಡಿನಿಂದಲೇ ತಿರುಚಿದರು: 'ಇನ್ನೂ ಪೂರ್ತಿ ಕೆರ ಹಿಡಿದಿಲ್ಲ'. ಇಡೀ ಅಭಿಯಾನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ 'ಇನ್ನೂ'. ಉಪದೇಶವಿಲ್ಲ, ಭರವಸೆಯ ಭಾಷಣವಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ಅಜ್ಜನನ್ನು ಹೇಗಿದ್ದೀರಿ ಅಂತ ಕೇಳಿದರೆ 'ಇನ್ನೂ ಹೋಗಿಲ್ಲ' ಅನ್ನುತ್ತಾರಲ್ಲ, ಆ ದನಿ.

ಆಗಸ್ಟ್ ಕೊನೆಗೆ ಅಂಕ್ಲಾಮ್‌ನಲ್ಲಿ ದೊಡ್ಡ ಕಾರ್ಯಕ್ರಮ. ರೋಸ್ಟಾಕ್‌ನ ರ‍್ಯಾಪರ್ ಮಾರ್ಟೇರಿಯಾ ಬಂದ. ಜರ್ಮನಿಯ ಅತಿ ದೊಡ್ಡ ಪಂಕ್ ಬ್ಯಾಂಡ್ ಡೀ ಟೋಟೆನ್ ಹೋಸೆನ್‌ನ ಹಾಡುಗಾರ ಕಾಂಪೀನೋ ಬಂದ. ಇಷ್ಟು ದೊಡ್ಡ ಹೆಸರುಗಳು ಇಂಥ ಊರಿಗೆ ದಿನಾ ಬರುವುದಿಲ್ಲ. ಆಗಿನ ಕೇಂದ್ರ ಕಾನೂನು ಸಚಿವ ಹೈಕೊ ಮಾಸ್ ಟ್ವಿಟ್ಟರಿನಲ್ಲಿ ಬ್ಯಾಂಡಿಗೆ ಸಾರ್ವಜನಿಕವಾಗಿ ಥ್ಯಾಂಕ್ಸ್ ಹೇಳಿದರು. ಕೂಡಲೇ ಗದ್ದಲ. ಗುಪ್ತಚರ ವರದಿಯಲ್ಲಿದ್ದ ಬ್ಯಾಂಡನ್ನು ಕಾನೂನು ಸಚಿವರೇ ಹೊಗಳುವುದಾ ಅಂತ. ರಾಜ್ಯದ ಒಂದು ಕಚೇರಿ ಅಪಾಯ ಅಂತ ಬರೆದದ್ದನ್ನು ಕೇಂದ್ರದ ಒಬ್ಬ ಮಂತ್ರಿ ಶಹಬ್ಬಾಸ್ ಅಂದಿದ್ದರು.

ಚುನಾವಣೆಯ ಫಲಿತಾಂಶ? ಎನ್‌ಪಿಡಿ ಶೇ. 3ಕ್ಕೆ ಇಳಿದು ವಿಧಾನಸಭೆಯಿಂದ ಹೊರಬಿತ್ತು. ಕುಣಿದಾಡುವ ಮೊದಲು ಮುಂದಿನ ಸಾಲು ಓದಿ. ಹೊಸ ಬಲಪಂಥೀಯ ಪಕ್ಷ ಎಎಫ್‌ಡಿ ಮೊದಲ ಯತ್ನದಲ್ಲೇ ಶೇ. 20.8 ಪಡೆಯಿತು. ಆಗಿನ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಅವರ ಪಕ್ಷಕ್ಕೆ ಶೇ. 19. ಇದು ಮೆರ್ಕೆಲ್ ಅವರ ಸ್ವಂತ ಕ್ಷೇತ್ರವಿದ್ದ ರಾಜ್ಯ.

ದೊಡ್ಡ ವೇದಿಕೆ, ಹಳೆ ಕಲ್ಲು

ಮುಂದಿನ ಎರಡು ವರ್ಷ ಬ್ಯಾಂಡು ಊರಿನ ಗಡಿ ದಾಟಿತು. 2017ರಲ್ಲಿ ಮೊಂಚಿಯ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಇಬ್ಬರು ನಿರ್ದೇಶಕರಲ್ಲಿ ಒಬ್ಬರು ಅದೇ ರಾಜ್ಯದ ನಟ ಚಾರ್ಲಿ ಹ್ಯೂಬ್ನರ್. ಟಿವಿಯಲ್ಲಿ ಅವರು ವರ್ಷಗಟ್ಟಲೆ ಮಾಡಿದ ಪಾತ್ರ ಯಾವುದು ಗೊತ್ತಾ? ರೋಸ್ಟಾಕ್‌ನ ಪೊಲೀಸ್ ಇನ್‌ಸ್ಪೆಕ್ಟರ್. 2018ರ ಜನವರಿಯಲ್ಲಿ ಹೊಸ ಆಲ್ಬಂ. ಜರ್ಮನ್ ಕವಿ ಗಯಟೆ ಕಾಲದ 'ಬಿರುಗಾಳಿ ಮತ್ತು ತುಡಿತ' ಅನ್ನುವ ಸಾಹಿತ್ಯ ಚಳವಳಿಯ ಹೆಸರಲ್ಲಿ ಒಂದು ಪದ ಬದಲಿಸಿ 'ಬಿರುಗಾಳಿ ಮತ್ತು ಕೊಳೆ' ಅಂತ ಮಾಡಿದ್ದರು. ಅದು ಜರ್ಮನ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು.

ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಸಾಕ್ಸನಿಯ ಕೆಮ್ನಿಟ್ಸ್ ನಗರದಲ್ಲಿ ಒಬ್ಬರ ಕೊಲೆಯಾಯಿತು. ಅದನ್ನೇ ನೆಪ ಮಾಡಿಕೊಂಡು ಬಲಪಂಥೀಯರು ಬೀದಿಗಿಳಿದರು, ವಿದೇಶೀಯರಂತೆ ಕಂಡವರ ಮೇಲೆ ದಾಳಿಗಳಾದವು. ಸೆಪ್ಟೆಂಬರ್ 3ಕ್ಕೆ ಅದೇ ನಗರದಲ್ಲಿ ಸಂಗೀತಗಾರರು ಉಚಿತ ಕಾರ್ಯಕ್ರಮ ಇಟ್ಟರು. ಘೋಷಣೆ: 'ನಾವೇ ಜಾಸ್ತಿ ಜನ'. 65,000 ಜನ ಸೇರಿದರು. ದೊಡ್ಡ ದೊಡ್ಡ ಹೆಸರುಗಳ ನಡುವೆ ಯಾರ್ಮೆನ್‌ನ ಹುಡುಗರೂ ವೇದಿಕೆಯಲ್ಲಿದ್ದರು. ರಾಷ್ಟ್ರಪತಿ ಫ್ರಾಂಕ್-ವಾಲ್ಟರ್ ಸ್ಟೈನ್‌ಮೈಯರ್ ಕಾರ್ಯಕ್ರಮದ ಸುದ್ದಿಯನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಹಳೆ ಕಲ್ಲು ಮತ್ತೆ ಕಾಲಿಗೆ ತೊಡರಿತು. ಪೊಲೀಸರ ಮೇಲೆ ಹಾಗೆಲ್ಲ ಹಾಡಿದವರ ಕಾರ್ಯಕ್ರಮವನ್ನು ರಾಷ್ಟ್ರಪತಿ ಹೇಗೆ ಬೆಂಬಲಿಸುತ್ತಾರೆ ಅಂತ ಮೆರ್ಕೆಲ್ ಪಕ್ಷದ ಪ್ರಧಾನ ಕಾರ್ಯದರ್ಶಿಯೇ ಟೀಕಿಸಿದರು.

ಒಂದು ತಿಂಗಳು ಕಳೆದು ಇನ್ನೊಂದು ಪ್ರಸಂಗ. ಝೆಡ್‌ಡಿಎಫ್ ಟಿವಿ ವಾಹಿನಿ ಡೆಸಾವ್ ನಗರದ ಬೌಹೌಸ್ ಕಟ್ಟಡದಲ್ಲಿ ಬ್ಯಾಂಡಿನ ಕಾರ್ಯಕ್ರಮ ಚಿತ್ರೀಕರಿಸಬೇಕಿತ್ತು. ದಿನಾಂಕ 2018ರ ನವೆಂಬರ್ 6. ಬಲಪಂಥೀಯರು ಪ್ರತಿಭಟನೆಗೆ ಕರೆ ಕೊಟ್ಟರು. ಕಟ್ಟಡ ನೋಡಿಕೊಳ್ಳುವ ಪ್ರತಿಷ್ಠಾನ ಬ್ಯಾಂಡಿಗೆ ಬಾಗಿಲು ಹಾಕಿತು, ತಾವು ರಾಜಕೀಯದಿಂದ ದೂರ ಅನ್ನುವ ಸಮಜಾಯಿಷಿ ಕೊಟ್ಟಿತು. ಇದಕ್ಕಿಂತ ಎಡವಟ್ಟು ಬೇಕಾ? ಬೌಹೌಸ್ ಅಂದರೆ ಜಗತ್ಪ್ರಸಿದ್ಧ ವಿನ್ಯಾಸ ಶಾಲೆ. ನಗರಸಭೆಯಲ್ಲಿ ನಾಜಿಗಳಿಗೆ ಬಲ ಬಂದ ಮೇಲೆ 1932ರಲ್ಲಿ ಡೆಸಾವ್‌ನಿಂದ ಅದನ್ನು ಓಡಿಸಲಾಗಿತ್ತು. ಮುಂದಿನ ವರ್ಷವೇ ಅದರ ನೂರನೇ ಹುಟ್ಟುಹಬ್ಬದ ತಯಾರಿ ನಡೆದಿತ್ತು. ದೇಶದ ಉದ್ದಗಲಕ್ಕೂ ಛೀಮಾರಿ ಬಿತ್ತು. ಬ್ಯಾಂಡು ನಿಗದಿಯಾದ ದಿನವೇ ಅದೇ ನಗರದಲ್ಲಿ ಹಾಡಿತು. ಜಾಗ ಒಂದು ಹಳೆ ಬಿಯರ್ ತಯಾರಿಕಾ ಕಟ್ಟಡ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಬ್ರೌಹೌಸ್ ಅನ್ನುತ್ತಾರೆ. ಬೌಹೌಸ್ ಹೋಗಿ ಬ್ರೌಹೌಸ್ ಬಂತು, ಒಂದೇ ಅಕ್ಷರದ ವ್ಯತ್ಯಾಸ. ಇಂಥ ಅದೃಷ್ಟ ಕಥೆ ಬರೆಯುವವರಿಗೂ ಸಿಗುವುದಿಲ್ಲ.

ಬುಟ್ಟಿ ಹೋದ ಕಚೇರಿಯ ಕಡೆಗೆ ಮತ್ತೊಮ್ಮೆ

ಬ್ಯಾಂಡಿನ ಹೆಸರು ವರದಿಗಳಲ್ಲಿ ಬರುತ್ತಿದ್ದ ಕಾಲಕ್ಕೆ ರಾಜ್ಯದ ಗೃಹ ಸಚಿವರು ಲೊರೆನ್ಸ್ ಕಾಫಿಯರ್. ಗುಪ್ತಚರ ವಿಭಾಗ ಅವರ ಖಾತೆಯ ಕೆಳಗೇ ಇತ್ತು. 2006ರಿಂದ ಹದಿನಾಲ್ಕು ವರ್ಷ ಅವರೇ ಆ ಕುರ್ಚಿಯಲ್ಲಿದ್ದರು. 2020ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಕಾರಣ ಒಂದು ಬೇಟೆ ಬಂದೂಕು. ಅದನ್ನು ಅವರು ಕೊಂಡದ್ದು 'ನೋರ್ಡ್‌ಕ್ರೋಯ್ಟ್ಸ್' ಅನ್ನುವ ಬಲಪಂಥೀಯ ಗುಂಪಿನ ಜೊತೆ ನಂಟಿದ್ದ ವ್ಯಕ್ತಿಯಿಂದ ಅಂತ ಪತ್ರಕರ್ತರು ಹೊರಗೆಳೆದರು. ಆ ಗುಂಪಿನಲ್ಲಿ ಪೊಲೀಸರು, ಸೈನಿಕರು ಇದ್ದರು. ದೇಶ ಕುಸಿದು ಬೀಳುವ ದಿನಕ್ಕಾಗಿ ಗುಂಡು ಮದ್ದು ಕೂಡಿಡುತ್ತಿದ್ದರು. ಕೊಳ್ಳುವಾಗ ಆ ವ್ಯಕ್ತಿಯ ಮೇಲೆ ಅನುಮಾನವಿದ್ದದ್ದು ತಮಗೆ ಗೊತ್ತಿರಲಿಲ್ಲ ಅಂತ ಸಚಿವರು ಹೇಳಿದರು. ಅದನ್ನು ಅಲ್ಲಗಳೆಯಲು ನನ್ನ ಬಳಿ ಆಧಾರವಿಲ್ಲ. ಆದರೂ, ಹಾಡಿನಲ್ಲಿ ಅಪಾಯ ಹುಡುಕುತ್ತಿದ್ದ ಇಲಾಖೆಯ ಮೇಲಿದ್ದ ಸಚಿವರು ಬಂದೂಕು ಮಾರಿದವನನ್ನು ಸರಿಯಾಗಿ ನೋಡಲಿಲ್ಲ.

ಬ್ಯಾಂಡು ಗೆದ್ದಿತಾ? ಆಲ್ಬಮ್ಮಿನ ಲೆಕ್ಕ ಹಾಕಿದರೆ ಹೌದು. 2023ರಲ್ಲೂ ಹೊಸ ಆಲ್ಬಂ ಬಂದಿದೆ. ಮತಪೆಟ್ಟಿಗೆಯ ಲೆಕ್ಕ ಹಾಕಿದರೆ ಬೇರೆ. 2025ರ ಫೆಬ್ರವರಿಯ ಸಂಸತ್ ಚುನಾವಣೆಯಲ್ಲಿ ಎಎಫ್‌ಡಿಗೆ ಈ ರಾಜ್ಯದಲ್ಲಿ ಶೇ. 35 ಮತ ಬಿತ್ತು. ಅಭಿಯಾನದ ವರ್ಷದ ಆ ಶೇ. 20.8ರ ಪಕ್ಕ ಇದನ್ನಿಟ್ಟು ನೋಡಿ. ಟ್ರಂಪೆಟ್ ಊದಿದರೆ ವೋಟು ತಿರುಗುತ್ತದೆ ಅಂತ ಯಾರಾದರೂ ನಂಬಿದ್ದರೆ, ಇಲ್ಲಿಗೆ ಆ ನಂಬಿಕೆ ಬಿಡಬೇಕು.

ಆದರೆ ಇನ್ನೊಂದು ವಿಷಯವನ್ನು ನಾನು ಈ ಪ್ರಕರಣದ ಕಡತಕ್ಕೆ ಸೇರಿಸುತ್ತೇನೆ. ಯಾರ್ಮೆನ್‌ನಲ್ಲಿ ಬ್ಯಾಂಡು ತನ್ನದೇ ಒಂದು ಸಂಗೀತ ಹಬ್ಬ ನಡೆಸಿದೆ. ಹೆಸರು 'ವೇಸ್ಟೆಡ್ ಇನ್ ಯಾರ್ಮೆನ್'. ಯಾರೂ ಬರದ ಊರಿಗೆ, ಎಲ್ಲರೂ ಬಿಟ್ಟು ಹೋಗುವ ಊರಿಗೆ, ಟಿಕೆಟ್ ಕೊಂಡು ಟೆಂಟ್ ಹೊತ್ತುಕೊಂಡು ಜನ ಬಂದರು. ಹೆದ್ದಾರಿಯಿಂದ ಇಳಿದು, ಪೇನೆ ಎಲ್ಲಿದೆ ಅಂತ ಊರಿನವರನ್ನು ಕೇಳಿಕೊಂಡು ಬಂದರು.